ಹಿಸಗೊಳ ಕೊರಳಪಟ್ಟಿ

ಸಿನಿಮಾದಲ್ಲಿ ಎದುರಾಳಿಯ ಪಾತ್ರ ಇದೆ ಅಂದರೆ ಅದು ಯಾರ ಮೇಜಿಗೆ ಹೋಗಬೇಕು ಎಂದು ನಮ್ಮ ಅನಿಮೇಷನ್ ಸ್ಟುಡಿಯೋದಲ್ಲಿ ಯಾರೂ ಕೇಳುತ್ತಿರಲಿಲ್ಲ. ನೆಟ್ಟಗೆ ಸುಮಿಯೆಯ ಮೇಜಿಗೆ. ರಾಜಕುಮಾರಿಯನ್ನು ಕಂಡರಾಗದ ಮಲತಾಯಿ, ಕತ್ತಿವರಸೆ ಶಾಲೆಯ ಹೊಟ್ಟೆಕಿಚ್ಚಿನ ಹುಡುಗಿ, ನರಿಯಾಗಿ ಬದಲಾಗುವ ಮಾಟಗಾತಿ, ಎಲ್ಲರೂ ಅವಳ ಪೆನ್ಸಿಲಿನಿಂದಲೇ ಹುಟ್ಟಿದವರು. ಸಿನಿಮಾ ಮುಗಿಯುವ ಹೊತ್ತಿಗೆ ಅವಳ ಪೆನ್ಸಿಲಿನಿಂದಲೇ ಸತ್ತವರು.

ನಾನು ಅದೇ ಸ್ಟುಡಿಯೋದಲ್ಲಿ ಹಿನ್ನೆಲೆ ಚಿತ್ರ ಬರೆಯುವವನು. ಬೆಟ್ಟ, ಮೋಡ, ಗುಡಿಸಲು, ಹುಲ್ಲು. ನಾನು ವಾರಗಟ್ಟಲೆ ಕೂತು ಬರೆದ ಕಾಡಿನ ಮುಂದೆ ಇವರ ಹುಡುಗಿಯರು ಬಂದು ನಿಂತು ಅಳುತ್ತಾರೆ; ಜನ ಹುಡುಗಿಯನ್ನು ನೋಡುತ್ತಾರೆ, ಕಾಡಿನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಪಾತ್ರ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಉರಿ. ಸುಮಿಯೆಯ ಮೇಲೆ ಮಾತ್ರ ಆ ಉರಿ ನಿಲ್ಲಲಿಲ್ಲ. ನನ್ನ ಚಿತ್ರಗಳ ಮುಂದೆ ಬಗ್ಗಿ, "ಕಗಾ-ಸಾನ್, ಈ ಹುಲ್ಲಲ್ಲಿ ನಡೆದ್ರೆ ಕಾಲು ತೇವ ಆಗತ್ತಾ?" ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಆಗತ್ತೆ ಅಂದರೆ ಅವಳ ಹುಡುಗಿ ಆ ಶಾಟ್‌ನಲ್ಲಿ ಬಟ್ಟೆಯನ್ನು ಸ್ವಲ್ಪ ಎತ್ತಿ ಹಿಡಿದು ನಡೆಯುತ್ತಿದ್ದಳು.

ಟೋಕಿಯೋದ ಪಶ್ಚಿಮಕ್ಕೆ, ಕಾಮಿ-ಇಗುಸಾದಲ್ಲಿ, ರೈಲು ಹಳಿಯ ಪಕ್ಕದ ಎರಡಂತಸ್ತಿನ ಕಟ್ಟಡ ನಮ್ಮದು. ರೈಲು ಹೋದಾಗ ಮೇಜು ಅದುರುವುದರಿಂದ ಎಲ್ಲರ ಪೆನ್ಸಿಲೂ ಒಟ್ಟಿಗೆ ಮೇಲೇಳುತ್ತದೆ, ರೈಲು ದಾಟಿದ ಮೇಲೆ ಒಟ್ಟಿಗೆ ಕೆಳಗಿಳಿಯುತ್ತದೆ. ಸುಮಿಯೆ ಹದಿನೆಂಟರಲ್ಲಿ ಉತ್ತರದ ಹಿಮದ ಊರಿನಿಂದ ಇಲ್ಲಿಗೆ ಬಂದಳು. ಅವಳ ತಾಯಿ ಕಿಮೊನೊ ಹೊಲಿಯುತ್ತಿದ್ದವರು. ಊರಲ್ಲಿ ಮದುವೆಯಾದರೂ ಸಾವಾದರೂ ಬಟ್ಟೆ ಉಡಿಸುವುದಕ್ಕೆ ಅವರನ್ನೇ ಕರೆಯುತ್ತಿದ್ದರಂತೆ. ಅದೇ ವಸಂತದಲ್ಲಿ ಕೆಲಸಕ್ಕೆ ಸೇರಿದ ಇನ್ನೊಬ್ಬಳು ತೊಕಿಕೊ. ಟೋಕಿಯೋದವಳೇ, ವೈದ್ಯರ ಮಗಳು, ನೆಟ್ಟನೆಯ ಬೆನ್ನು, ಮಾತು ಕಮ್ಮಿ. ಸೇರಿದ ತಿಂಗಳಲ್ಲೇ ನಮ್ಮ ಹಳೆಯ ಗುರುಗಳು ತೊಕಿಕೊಳ ಚಿತ್ರವನ್ನು ಗೋಡೆಗೆ ಅಂಟಿಸಿದರು. ಸುಮಿಯೆಯದನ್ನು ಅಂಟಿಸಲಿಲ್ಲ. ಅಲ್ಲಿಗೆ ಇಬ್ಬರ ದಾರಿಯೂ ತೀರ್ಮಾನವಾಯಿತು ಎಂದು ಸುಮಿಯೆ ನಂಬಿಕೊಂಡಳು.

ಆಮೇಲೆ ತೊಕಿಕೊ ಚಿತ್ರ ತಿದ್ದುವ ಮುಖ್ಯಸ್ಥೆಯಾದಳು. ಅಂದರೆ ಬೇರೆಯವರು ಬರೆದ ಪ್ರತಿ ಹಾಳೆಯ ಮೇಲೂ ಇವಳು ತೆಳು ಹಳದಿ ಕಾಗದ ಇಟ್ಟು, ತಪ್ಪಿದ ಗೆರೆಯನ್ನು ತನ್ನ ಗೆರೆಯಿಂದ ಸರಿಪಡಿಸಿ, ಮೊಹರು ಒತ್ತಬೇಕು. ಸುಮಿಯೆಯ ಹಾಳೆಗಳು ತೊಕಿಕೊಳ ಮೇಜಿನಿಂದ ವಾಪಸು ಬಂದಾಗ ಪ್ರತಿ ಮುಖದ ಮೇಲೂ ಹಳದಿ ಕಾಗದ ಇರುತ್ತಿತ್ತು. ಸುಮಿಯೆ ಅದನ್ನು ಎತ್ತಿ ನೋಡಿ, "ಇವತ್ತೂ ನನ್ನ ಹುಡುಗೀರಿಗೆಲ್ಲ ಮುಖ ತೊಳೆಸಿ ಕಳಿಸಿದ್ದಾಳೆ ಮಹಾರಾಣಿ," ಎಂದು ನಗುತ್ತಿದ್ದಳು. ನಗು ಹುಸಿಯಲ್ಲ. ಆದರೆ ಅವಳು ಮಧ್ಯಾಹ್ನ ಅನ್ನದುಂಡೆ ತಿನ್ನುವಾಗ ತೊಕಿಕೊ ಕೂತ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದುದೂ ನಿಜ.

"ನಿನಗೆ ಬೇಜಾರಾಗಲ್ವಾ, ಯಾವಾಗಲೂ ಕೆಟ್ಟವಳನ್ನೇ ಬರೆಯೋಕೆ?" ಎಂದು ನಾನೊಮ್ಮೆ ಕೇಳಿದ್ದೆ.

"ನಾಯಕಿಗೇನು ಕಮ್ಮಿ ಕಗಾ-ಸಾನ್? ಅವಳಿಗೆ ಗಾಳಿ ಬೀಸತ್ತೆ, ಸಂಗೀತ ಬರತ್ತೆ, ನೀವು ಹಿಂದುಗಡೆ ಚೆಂದದ ಮೋಡ ಬೇರೆ ಬರೆದುಕೊಡ್ತೀರಿ. ಈ ಹುಡುಗಿಗೆ ನನ್ನ ಬಿಟ್ರೆ ಯಾರಿದ್ದಾರೆ?"

ಹೀಗೆ ಹೇಳುವ ಹೆಂಗಸಿನ ಮೇಲೆ ಪ್ರೀತಿ ಹುಟ್ಟದೆ ಇರುತ್ತದೆಯೇ. ನನಗಂತೂ ಹುಟ್ಟಿತ್ತು. ಹೇಳಿಕೊಳ್ಳುವ ವಯಸ್ಸು ದಾಟಿದ ಮೇಲೆ ಹುಟ್ಟಿದ್ದರಿಂದ ಬಾರ್ಲಿ ಚಹಾ ತಂದುಕೊಡುವುದರಲ್ಲೇ ಅದನ್ನು ಮುಗಿಸಿಕೊಂಡೆ.

ಈಗ ಹಿಸಗೊ ವಿಷಯ. ನಮ್ಮ ನಿರ್ದೇಶಕ ಎನಾಮಿ ಬರೆದ ಕತೆ. ಬೆಟ್ಟದ ಮೇಲೆ ಒಂದು ಗಾಳಿ ಇದೆ. ಅದನ್ನು ಸಿಳ್ಳೆ ಹಾಕಿ ಊರಿಗೆ ಕರೆಯುವ ಹುಡುಗಿಯನ್ನು ಆರಿಸಬೇಕು. ಹಿಸಗೊ ಚಿಕ್ಕಂದಿನಿಂದ ಅದಕ್ಕಾಗಿಯೇ ಅಭ್ಯಾಸ ಮಾಡಿದವಳು. ಒಂದು ಸ್ವರ ತಪ್ಪುವುದಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಬಂದ ಕೊನೊ ಎಂಬ ಹುಡುಗಿ ಪಾತ್ರೆ ತೊಳೆಯುತ್ತ ಸುಮ್ಮನೆ ಸಿಳ್ಳೆ ಹಾಕುತ್ತಾಳೆ, ಗಾಳಿ ಇಳಿದು ಬಂದುಬಿಡುತ್ತದೆ. ಹಿಸಗೊ ಹೊಟ್ಟೆ ಉರಿದು ಗಾಳಿಯನ್ನು ಊರಿಗೆ ಕಟ್ಟಿದ ಹಗ್ಗವನ್ನೇ ಕಡಿದು ಹಾಕುತ್ತಾಳೆ. ಊರು ಬಿಸಿಗೆ ಬೇಯುತ್ತದೆ. ಆಮೇಲೆ ತಾನು ಮಾಡಿದ್ದು ತನಗೇ ತಡೆಯಲಾಗದೆ, ಯಾರಿಗೂ ಹೇಳದೆ ಗಾಳಿಯನ್ನು ಹುಡುಕಿಕೊಂಡು ಬೆಟ್ಟ ಹತ್ತುತ್ತಾಳೆ. ಕೊನೊ ಹಿಂದೆಯೇ ಓಡುತ್ತಾಳೆ. ಇಬ್ಬರೂ ಸೇರಿ ಗಾಳಿಯನ್ನು ತರುತ್ತಾರೆ, ಹಿಸಗೊ ಕೊನೆಯಲ್ಲಿ ತನ್ನ ಮನೆ ಬಾಗಿಲು ತೆರೆದು ಒಳಗೆ ಹೋಗುತ್ತಾಳೆ. ಎನಾಮಿಯ ಮೊದಲ ಚಿತ್ರಕತೆಯಲ್ಲಿ ಇದ್ದದ್ದು ಹೀಗೆ.

ಸುಮಿಯೆ ಅದನ್ನು ಓದಿ ನನ್ನ ಮೇಜಿಗೆ ಬಂದು ಕೂತಳು. "ಇವಳು ಮನೆಗೆ ಹೋಗ್ತಾಳೆ ಕಗಾ-ಸಾನ್. ನಾನು ಬರೆದೋರಲ್ಲಿ ಮನೆಗೆ ಹೋಗೋಳು ಇವಳೇ ಮೊದಲು." ಅವಳಿಗೆ ನಿವೃತ್ತಿ ಹತ್ತಿರವಿತ್ತು, ಕಣ್ಣಿನ ಪೊರೆ ಬೆಳೆಯುತ್ತಿತ್ತು, ಇದೇ ತನ್ನ ಕೊನೆಯ ಸಿನಿಮಾ ಎಂದು ಅವಳೇ ಹೇಳಿಕೊಂಡಿದ್ದಳು. ಆ ವರ್ಷ ಅವಳು ಬರೆದ ಹಾಗೆ ಯಾವತ್ತೂ ಬರೆದಿರಲಿಲ್ಲ. ಹಿಸಗೊ ಸಿಟ್ಟಲ್ಲಿದ್ದಾಗ ಅನ್ನದ ಬಟ್ಟಲನ್ನು ಕೆಳಗಿಡುವ ರೀತಿ, ಕೊನೊ ಎದುರು ಬಂದಾಗ ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುವ ರೀತಿ. ಮಾತೇ ಇಲ್ಲದೆ ಹುಡುಗಿ ಒಳಗೊಳಗೇ ಬೆಳೆಯುವುದು ಕಾಣುತ್ತಿತ್ತು.

ಹಿಸಗೊ ಗುಡಿಸಲಿನಿಂದ ಹೊರಟು ಬೆಟ್ಟದ ಕಡೆ ನಡೆಯುವ ಶಾಟ್ ಬರೆದು ಮುಗಿದಿತ್ತು. ಎನಾಮಿ ಬಂದು, ಹುಡುಗಿ ಬಲಕ್ಕೆ ಬೇಡ, ಎಡಕ್ಕೆ ನಡೆಯಲಿ ಎಂದ. ನಿರ್ದೇಶಕರಿಗೆ ಹೀಗೆಲ್ಲ ಹೊಳೆಯುವುದು ಯಾವಾಗಲೂ ಕೆಲಸ ಮುಗಿದ ಮೇಲೆಯೇ. ಇಂಥದ್ದಕ್ಕೆ ಎಲ್ಲರೂ ಮಾಡುವುದನ್ನೇ ಸುಮಿಯೆ ಮಾಡಿದಳು: ಹಾಳೆಯನ್ನು ಮಗುಚಿ, ಕೆಳಗೆ ದೀಪ ಹಚ್ಚಿ, ಹಿಂಬದಿಯಿಂದ ಕಾಣುವ ಗೆರೆಯ ಮೇಲೆ ಬರೆದುಕೊಂಡಳು. ಬಲಕ್ಕೆ ಹೋಗುತ್ತಿದ್ದವಳು ಎಡಕ್ಕೆ ಹೋದಳು. ಸುಲಭದ ಕೆಲಸ. ಆದರೆ ಕಿಮೊನೊ ಉಟ್ಟ ಪಾತ್ರವಾದರೆ ಕೊರಳಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯಬೇಕು. ಬದುಕಿರುವವರು ಬಲ ಅಂಚನ್ನು ಮೈಗೆ ಒತ್ತಿ, ಎಡ ಅಂಚನ್ನು ಅದರ ಮೇಲೆ ತರುತ್ತಾರೆ. ಹೆಣಕ್ಕೆ ಉಡಿಸುವಾಗ ಮಾತ್ರ ಇದು ಅದಲುಬದಲು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಹೊಸಬರ ಕಿವಿ ಹಿಂಡಿ ಹೇಳಿಕೊಡುವ ಪಾಠ ಅದು.

ಸುಮಿಯೆ ಮರೆತಳು. ಕಿಮೊನೊ ಹೊಲಿಯುವವರ ಮಗಳು ಮರೆತಳು.

ತೊಕಿಕೊ ಮುಖದ ಮೇಲೆ ಹಳದಿ ಕಾಗದ ಇಟ್ಟು ತಿದ್ದಿ ಮೊಹರು ಒತ್ತಿದಳು, ಕೊರಳಪಟ್ಟಿ ಅವಳ ಕಣ್ಣಿಗೂ ಬೀಳಲಿಲ್ಲ. ತೊಕಿಕೊಳ ಮೊಹರು ಇದ್ದ ಹಾಳೆಯನ್ನು ಪ್ರಶ್ನಿಸುವ ಗಂಡೆದೆ ಯಾರಿಗಿದೆ? ಒಂದು ಭಂಗಿಗೂ ಇನ್ನೊಂದಕ್ಕೂ ನಡುವಿನ ಚಿತ್ರ ಬರೆಯುವವರು ಇದು ಬೇಕೆಂದೇ ಮಾಡಿದ್ದು ಅಂದುಕೊಂಡರು. ಅದನ್ನೇ ನೋಡಿಕೊಂಡು ಮುಂದಿನ ಬೆಟ್ಟ ಹತ್ತುವ ಶಾಟ್‌ಗಳನ್ನೂ ಬರೆದರು. ಬಣ್ಣವೂ ಆಯಿತು. ಎಲ್ಲವನ್ನೂ ಜೋಡಿಸಿ ನಾವೆಲ್ಲ ಒಟ್ಟಿಗೆ ಕೂತು ನೋಡಿದ ದಿನ, ಹಿಸಗೊ ಗುಡಿಸಲಿನಿಂದ ಹೊರಗೆ ಬಂದಳು, ಹೆಣದ ಹಾಗೆ ಉಟ್ಟುಕೊಂಡು. ನನ್ನ ಪಕ್ಕ ಕೂತಿದ್ದ ಸುಮಿಯೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ದೀಪ ಹತ್ತಿದ ಮೇಲೆ ಅವಳು ಎದ್ದು ನಿಂತು ಬಗ್ಗಿದಳು. "ನನ್ನ ತಪ್ಪು. ತುಂಬಾ ನಾಚಿಕೆಯಾಗ್ತಿದೆ. ಎಲ್ಲಾ ಮತ್ತೆ ಬರೆದುಕೊಡ್ತೀನಿ."

"ಮೊಹರು ನನ್ನದು. ತಪ್ಪು ನಂದೂ," ಎಂದು ತೊಕಿಕೊ ಕೂತಲ್ಲಿಂದಲೇ ಅಂದಳು.

ಎನಾಮಿ ಮಾತ್ರ ಪರದೆಯ ಕಡೆಗೇ ನೋಡುತ್ತಿದ್ದ. "ಬರೆಯೋದೇನೂ ಬೇಡ ಸುಮಿಯೆ-ಸಾನ್. ಇದು ತಪ್ಪಲ್ಲ. ನಿಮ್ಮ ಕೈಗೆ ಗೊತ್ತಿತ್ತು. ಹಗ್ಗ ಕಡಿದ ದಿನಾನೇ ಈ ಹುಡುಗಿ ಒಳಗೆ ಸತ್ತುಹೋದ್ಲು. ಈಗ ಹೆಣದ ಬಟ್ಟೇಲಿ ನಡೀತಿದ್ದಾಳೆ. ಎಂಥಾ ಸಂಕೇತ ಇದು. ನಾನು ಒಂದು ವರ್ಷ ತಲೆ ಕೆರೆದುಕೊಂಡ್ರೂ ಹೊಳೀತಿರಲಿಲ್ಲ."

"ಸಂಕೇತ ಅಲ್ಲ, ಮರೆವು," ಅಂದಳು ಸುಮಿಯೆ.

"ಮತ್ತೆ ಬರೆಯೋಕೆ ಟೈಮೂ ಇಲ್ಲ," ಎಂದು ಕೆಲಸದ ಗಡುವು ನೋಡಿಕೊಳ್ಳುವ ಒರಿಹರಾ ಮೆಲ್ಲಗೆ ಸೇರಿಸಿದಳು. ಅದು ನಿಜವೇ ಆಗಿತ್ತು. ಅಷ್ಟು ಶಾಟ್‌ಗಳನ್ನು ಮೊದಲಿನಿಂದ ಮಾಡಿದರೆ ಸಿನಿಮಾ ಬಿಡುಗಡೆಯ ದಿನ ತಪ್ಪುತ್ತಿತ್ತು.

ಎನಾಮಿ ಎರಡು ದಿನ ಬಾಗಿಲು ಹಾಕಿಕೊಂಡು ಕೂತು ಕೊನೆಯ ಭಾಗವನ್ನು ಬದಲಾಯಿಸಿಕೊಂಡು ಬಂದ. ಹಿಸಗೊ ಬೆಟ್ಟದ ತುದಿಯಿಂದ ಕಣಿವೆಗೆ ಬೀಳುತ್ತಾಳೆ. ಅವಳ ಸಾವಿನಿಂದ ಗಾಳಿ ಬಿಡುಗಡೆಯಾಗುತ್ತದೆ. ಹೆಣದ ಉಡುಪು ಹಾಕಿಕೊಂಡು ಹೊರಟವಳು ಮನೆಗೆ ಹೇಗೆ ಹೋದಾಳು ಎನ್ನುವುದು ಅವನ ವಾದ. ನನಗೆ ಕಣಿವೆಯ ಚಿತ್ರ ಬರೆಯಲು ಹೇಳಿದ. ಈ ಸಂಕೇತ ಎಂಬ ಮಾತು ಬಾಯಿಗೆ ಬಂದ ನಿರ್ದೇಶಕರ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಹಲ್ಲು ಕಡಿದುಕೊಂಡು ಬರೆದೆ. ಚೆನ್ನಾಗಿಯೇ ಬಂತು, ಅದು ಇನ್ನೂ ಸಿಟ್ಟು ಬರಿಸಿತು.

ಸುಮಿಯೆ ಊಟ ಬಿಟ್ಟಳು. "ನಾನೇ ಕೊಂದೆ," ಅಂದಳು ನನ್ನ ಹತ್ತಿರ. "ಬೇರೆಯವರನ್ನೆಲ್ಲ ನಿರ್ದೇಶಕರು ಹೇಳಿದ್ರು ಅಂತ ಸಾಯಿಸಿದೆ. ಇವಳನ್ನ ಯಾರೂ ಸಾಯಿಸು ಅಂದಿರಲಿಲ್ಲ. ಮನೆಗೆ ಹೋಗ್ತಿದ್ದ ಹುಡುಗೀನ ನಾನೇ ನನ್ನ ಕುರುಡುಗಣ್ಣಿಂದ ಕಣಿವೆಗೆ ತಳ್ಳಿದೆ."

ಬರೀ ಗೆರೆ, ಬರೀ ಬಣ್ಣ ಎಂದು ಸಮಾಧಾನ ಹೇಳಲು ಹೋದೆ. ಅವಳು ನೋಡಿದ ನೋಟಕ್ಕೆ ಚಹಾ ತರುವ ನೆಪ ಮಾಡಿ ಎದ್ದೆ.

ಅದು ಬೇಸಿಗೆಯ ಬಾಣಬಿರುಸಿನ ಹಬ್ಬಗಳ ಕಾಲ. ಒಂದು ಸಂಜೆ ಕೆಲಸ ಮುಗಿಸಿ ಸುಮಿಯೆ, ನಾನು ರೈಲು ನಿಲ್ದಾಣಕ್ಕೆ ಹೋಗುತ್ತಿದ್ದೆವು. ನಮ್ಮ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ತೊಕಿಕೊ, ಯಾವಾಗಲಿನ ಹಾಗೆ. ನಿಲ್ದಾಣದ ತುಂಬ ಯುಕಾತಾ ಉಟ್ಟ ಹುಡುಗಿಯರು. ಈಗಿನವರಿಗೆ ವರ್ಷಕ್ಕೊಮ್ಮೆ ಈ ಹತ್ತಿಯ ಕಿಮೊನೊ ಉಡುವುದು ಗೊತ್ತು ಅಷ್ಟೇ. ಅದೂ ಕನ್ನಡಿ ನೋಡಿಕೊಂಡು ಉಟ್ಟು ತಿರುವುಮುರುವು ಮಾಡಿಕೊಳ್ಳುತ್ತಾರೆ. ಟಿಕೆಟ್ ಗೇಟಿನ ಹತ್ತಿರ ಒಬ್ಬಳು ಹಾಗೇ ನಿಂತಿದ್ದಳು, ಕೊರಳಪಟ್ಟಿ ಹೆಣದ ಹಾಗೆ, ಕೈಯಲ್ಲಿ ಫೋನು, ಬಾಯಲ್ಲಿ ನಗು.

ಸುಮಿಯೆ ನನ್ನ ಕೈಗೆ ಚೀಲ ತುರುಕಿ ನೆಟ್ಟಗೆ ಹೋಗಿ ಆ ಹುಡುಗಿಯ ತೋಳು ಹಿಡಿದಳು. "ಮಗಳೇ, ಒಂದು ನಿಮಿಷ ಈ ಕಡೆ ಬಾ. ಯಾರು ಉಡಿಸಿದ್ರು ಇದನ್ನ?"

"ನಾನೇ ಉಟ್ಕೊಂಡೆ. ಯಾಕಜ್ಜಿ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಆದ್ರೆ ಇದು ಸತ್ತೋರು ಉಡೋ ರೀತಿ. ಹೀಗೇ ಹೋಗ್ತೀಯಾ?"

ಹುಡುಗಿಯ ಗೆಳತಿಯರು ಕಿಸಕ್ಕೆಂದು ನಕ್ಕರು. ಸುಮಿಯೆ ಅವಳನ್ನು ಗೋಡೆಯ ಕಡೆ ತಿರುಗಿಸಿ, ತಾನು ಅಡ್ಡ ನಿಂತು, ಸೊಂಟಪಟ್ಟಿ ಸಡಿಲಿಸಿ, ಬಲ ಅಂಚನ್ನು ಒಳಗೆ ಒತ್ತಿ, ಎಡ ಅಂಚನ್ನು ಮೇಲೆ ತಂದು, ಬಿಗಿದು ಕಟ್ಟಿದಳು. ಬೆನ್ನ ಮೇಲೆ ಒಂದು ತಟ್ಟು ತಟ್ಟಿ, "ಹ್ಞಾ, ಈಗ ಹೋಗು," ಅಂದಳು. ಹುಡುಗಿ ಬಗ್ಗಿ ನಮಸ್ಕರಿಸಿ ಓಡಿದಳು. ನಮ್ಮಲ್ಲಿ ಒಂದು ವಯಸ್ಸು ದಾಟಿದ ಯಾವ ಹೆಂಗಸೂ ಇದನ್ನು ನೋಡಿಕೊಂಡು ಸುಮ್ಮನೆ ಹೋಗಲಾರಳು. ಗುರುತು ಪರಿಚಯ ಏನೂ ಬೇಕಿಲ್ಲ.

ಹಿಂದೆ ಬರುತ್ತಿದ್ದ ತೊಕಿಕೊ ಗೇಟಿನ ಮುಂದೆ ನಿಂತುಬಿಟ್ಟಿದ್ದಳು. ಜನ ಅವಳನ್ನು ಸುತ್ತಿಕೊಂಡು ಹೋಗುತ್ತಿದ್ದರು.

"ಸುಮಿಯೆ," ಅಂದಳು. ಹೆಸರು ಹಿಡಿದು ಅವಳು ಕರೆದದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೆ. "ಬೆಟ್ಟದ ಮೇಲೆ ಕೊನೊ ಹಿಸಗೊನ್ನ ಹೀಗೆ ನೋಡ್ತಾಳಲ್ಲ. ನೋಡ್ಕೊಂಡು ಸುಮ್ಮನಿರ್ತಾಳಾ?"

ಮರುದಿನ ಬೆಳಿಗ್ಗೆ ಇಬ್ಬರೂ ಎನಾಮಿಯ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ನಾನು ಬಣ್ಣದ ಬಟ್ಟಲು ತೊಳೆಯುವ ನೆಪದಲ್ಲಿ ಹೊರಗೆ ನಿಂತೆ.

"ನಿಮ್ಮ ಕೊರಳಪಟ್ಟಿ ಹಾಗೇ ಇರಲಿ ನಿರ್ದೇಶಕರೇ," ಎಂದು ತೊಕಿಕೊ ಶುರು ಮಾಡಿದಳು. "ಸಂಕೇತ ಅಂದ್ರಲ್ಲ, ಇಟ್ಕೊಳ್ಳಿ. ಆದ್ರೆ ಬೆಟ್ಟದ ತುದೀಲಿ ಕೊನೊ ಅದನ್ನ ಬಿಚ್ಚಿ ಸರಿಯಾಗಿ ಕಟ್ತಾಳೆ. ಒಂದೇ ಶಾಟ್. ಆಮೇಲೆ ಅವಳು ಬೀಳಲ್ಲ."

"ಅಷ್ಟಕ್ಕೇ ಬದುಕಿಬಿಡ್ತಾಳಾ? ಜನ ನಂಬ್ತಾರಾ?"

ಸುಮಿಯೆ ಯಾವ ನಿರ್ದೇಶಕರ ಎದುರೂ ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ. ಮೆಲ್ಲಗೆ ಹೇಳಿದಳು. "ಹೆಣ ಅಂತ ನೀವು ಹೇಳಿದ್ರಿ, ಸರಿ. ಅವಳು ತನ್ನನ್ನ ಹೆಣ ಅಂದುಕೊಂಡೇ ಬೆಟ್ಟ ಹತ್ತಿದ್ಲೇನೋ. ಆದ್ರೆ ಇನ್ನೊಬ್ಬಳು ಕಣ್ಣೆದುರಿಗೆ ನಿಂತು, ಛೀ, ಇದೇನೇ ಇದು ಅಂತ ಬೈದು, ತಿರುಗಿಸಿ ಕಟ್ಟಿದ್ರೆ, ಆಮೇಲೂ ಹೇಗೆ ಸಾಯ್ತಾಳೆ ಅವಳು? ಸಾಯೋಕೆ ನಾಚಿಕೆಯಾಗಲ್ವಾ?"

ಎನಾಮಿ ತಲೆ ಕೆರೆದುಕೊಂಡ. "ಬರೀ ಪೆನ್ಸಿಲಲ್ಲಿ ಬರೆದು ತೋರಿಸಿ. ನಂಬಿಕೆ ಬಂದ್ರೆ ಹುಡುಗಿ ಮನೆಗೆ ಹೋಗ್ತಾಳೆ. ಬರದಿದ್ರೆ ಬೀಳ್ತಾಳೆ. ಈ ವಾರದೊಳಗೆ."

ಇಷ್ಟಾದ ಮೇಲೆ ಇಬ್ಬರೂ ಒಂದೇ ಮೇಜಿಗೆ ಬರಬೇಕಾಯಿತು. ಬಂದ ಮೊದಲ ದಿನವೇ ಜಗಳ.

"ನೀನು ಕೊನೊ ಬರಿ," ಅಂದಳು ತೊಕಿಕೊ. "ಹಿಸಗೊನ್ನ ನಾನು ಬರೀತೀನಿ."

"ಹಿಸಗೊ ನನ್ನವಳು. ನಾಯಕಿ ಗೀಯಕಿ ಎಲ್ಲ ನೀನು ಬರಿ. ನಂಗೆ ಅಭ್ಯಾಸ ಇಲ್ಲ."

"ಬಟ್ಟೆ ಕಟ್ಟೋ ಕೈ ಕೊನೊಳದ್ದು. ಕೈ ನೀನೇ ಬರೀಬೇಕು."

"ಯಾಕೆ, ನಿಂಗೆ ಬರಲ್ವಾ? ಗೋಡೆ ಮೇಲೆ ಅಂಟಿಸಿದ್ದು ನಿನ್ನ ಚಿತ್ರ ಅಲ್ವಾ?"

ತೊಕಿಕೊ ಪೆನ್ಸಿಲ್ ಕೆಳಗಿಟ್ಟಳು. "ಎಷ್ಟು ವರ್ಷ ನಿನ್ನ ಹಾಳೆ ತಿದ್ದಿದ್ದೀನಿ. ನೆನಪು ಮಾಡ್ಕೊ. ಮುಖದ ಮೇಲೆ ಕಾಗದ ಇಟ್ಟಿದ್ದೀನಿ. ಕೈ ಮೇಲೆ ಯಾವತ್ತಾದ್ರೂ ಇಟ್ಟಿದ್ದೀನಾ?"

ಸುಮಿಯೆ ಮೇಜಿನ ಮೇಲಿದ್ದ ಹಾಳೆಗಳ ಕಡೆ ನೋಡಿದಳು. ಹಿಂದಿನದನ್ನೆಲ್ಲ ಹುಡುಕುತ್ತಿದ್ದಳು ಅಂತ ಕಾಣುತ್ತದೆ.

"ಒಂದು ಸಲಾನೂ ಇಲ್ಲ. ನಾನು ಹಲ್ಲು ಕಚ್ಚಿ ಹತ್ತು ಸಲ ಅಳಿಸಿ ಬರೀತಿದ್ದೆ. ನೀನು ಪಕ್ಕದೋರ ಜೊತೆ ಸೊಪ್ಪಿನ ರೇಟು ಮಾತಾಡ್ತಾ ಬರೀತಿದ್ದೆ, ಆ ಕೈ ಉಸಿರಾಡ್ತಿತ್ತು. ನಂಗೆಷ್ಟು ಉರೀತಿತ್ತು ಗೊತ್ತಾ? ಮುಖ ತಿದ್ದಿದ್ದೂ ಅದಕ್ಕೇ ಇರಬಹುದು. ಹಿಸಗೊ ನಿನ್ನವಳಂತೆ. ನೀನು ಅವಳನ್ನ ನಡೆಸಿದೆ, ಆದ್ರೆ ಈ ಸಿನಿಮಾದ ಪಾತ್ರಗಳಿಗೆ ಮೊದಲು ರೂಪ ಕೊಟ್ಟವಳು ನಾನು. ಯಾರನ್ನ ನೆನೆಸಿಕೊಂಡು ಹಿಸಗೊ ಹುಬ್ಬು ಬರೆದೆ ಅಂದ್ಕೊಂಡೆ? ನನ್ನನ್ನೇ. ಪಾತ್ರೆ ತೊಳೀತಾ ಸಿಳ್ಳೆ ಹಾಕೋಳು ನೀನು ಕಣೆ."

ರೈಲೊಂದು ಹೋಯಿತು. ನಾನು ನನ್ನ ಮೇಜಿನ ಮೇಲಿನ ಬಣ್ಣವನ್ನೇ ನೋಡುತ್ತಿದ್ದೆ, ತಲೆ ಎತ್ತಲು ಧೈರ್ಯ ಸಾಲಲಿಲ್ಲ. ಒಬ್ಬ ಹೆಂಗಸು ಇಡೀ ಆಯುಷ್ಯ ತಾನು ಸೋತವಳು ಅಂದುಕೊಂಡು, ಸೋತವರಿಗೆಲ್ಲ ತಾಯಿಯಾಗಿ, ಅದರಲ್ಲೇ ಒಂದು ಹೆಮ್ಮೆಯನ್ನೂ ಕಟ್ಟಿಕೊಂಡು ಬದುಕಿದ್ದಳು. ಈಗ ಅದನ್ನು ಬಿಚ್ಚಿ ಬೇರೆ ರೀತಿ ಕಟ್ಟಿಕೊಳ್ಳುವುದು ಸುಲಭವಲ್ಲ. ಸುಮಿಯೆ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದು ಕೇಳಿಸಿತು.

"ಕೈ ಹೇಗೆ ಹೋಗತ್ತೆ ಅಂತ ನೋಡ್ದೆ ಬರೆಯೋಕಾಗಲ್ಲ. ಎದ್ದು ನಿಂತ್ಕೊ."

ಚಿತ್ರ ಬರೆಯುವ ಮೊದಲು ಕನ್ನಡಿ ಎದುರು ತಾವೇ ನಟಿಸಿ ನೋಡುವುದು ನಮ್ಮವರ ಪದ್ಧತಿ. ಒರಿಹರಾ ತನ್ನ ಯುಕಾತಾ ತಂದುಕೊಟ್ಟಳು. ಮೈತುಂಬ ಕೆಂಪು ಮೀನುಗಳಿದ್ದ ಆ ಬಟ್ಟೆಯನ್ನು ತೊಕಿಕೊ ತನ್ನ ಬೂದು ಅಂಗಿಯ ಮೇಲೆಯೇ, ತಿರುವುಮುರುವು ಮಾಡಿ ಉಟ್ಟು ದೊಡ್ಡ ಕನ್ನಡಿಯ ಮುಂದೆ ನಿಂತಳು. ಎಪ್ಪತ್ತರ ಹತ್ತಿರದ ಹೆಂಗಸು, ಕೆಂಪು ಮೀನು. ಹೊಸ ಹುಡುಗರು ನಗಲು ಹೋಗಿ ನನ್ನ ಮುಖ ನೋಡಿ ಸುಮ್ಮನಾದರು.

ಸುಮಿಯೆ ಹೋಗಿ ಮೆತ್ತಗೆ ಕೊರಳಪಟ್ಟಿ ಬಿಡಿಸತೊಡಗಿದಳು.

"ಹೆಣಕ್ಕೆ ಉಡಿಸ್ತಿದ್ದೀಯಾ? ಹುಡುಗಿ ಬದುಕಿದ್ದಾಳೆ, ಎಳಿ," ಅಂದಳು ತೊಕಿಕೊ.

ಮತ್ತೆ ಮಾಡಿದರು. ಈ ಸಲ ಸುಮಿಯೆ ಕೈ ಹಾಕಿದ ಕೂಡಲೇ ತೊಕಿಕೊ ಆ ಕೈಯನ್ನು ಪಟ್ಟೆಂದು ಹೊಡೆದು ಸರಿಸಿದಳು. ಹಿಸಗೊ ಹಾಗೇ ಮಾಡುತ್ತಾಳೆ, ಸರಿಯೇ. ಆದರೆ ಸುಮಿಯೆಗೆ ಅದು ನಟನೆ ಅನ್ನಿಸಲಿಲ್ಲ. ಅರ್ಧ ಹೆಜ್ಜೆ ಹಿಂದಕ್ಕೆ ಹೋದಳು. ಹೋದವಳು ವಾಪಸು ಬಂದು ಕೊರಳಪಟ್ಟಿಯನ್ನು ಗಟ್ಟಿಯಾಗಿ ಹಿಡಿದಳು.

"ಸುಮ್ನೆ ನಿಂತ್ಕೊ," ಎಂದು ಗದರಿದಳು. "ಹೀಗೇ ಊರೆಲ್ಲ ತಿರುಗ್ತೀಯಾ ನೀನು?"

ತೊಕಿಕೊಳ ನೆಟ್ಟನೆಯ ಬೆನ್ನು ಸ್ವಲ್ಪ ಬಾಗಿತು. ಸುಮಿಯೆ ಬಲ ಅಂಚನ್ನು ಒಳಗೆ ಒತ್ತಿದಳು. ಎಡ ಅಂಚನ್ನು ಮೇಲೆ ತಂದಳು. ಸೊಂಟಪಟ್ಟಿ ಕಟ್ಟಿದಳು, ಕೊರಳ ಹತ್ತಿರ ಸುಕ್ಕು ಬಿದ್ದದ್ದನ್ನು ಹೆಬ್ಬೆರಳಿನಿಂದ ಸವರಿ ಸರಿ ಮಾಡಿದಳು.

ಚಹಾಕ್ಕೆಂದು ಇಳಿದು ಬಂದಿದ್ದ ಎನಾಮಿ ಮೆಟ್ಟಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಬಟ್ಟಲು ಹಿಡಿದೇ ಒರಿಹರಾಳ ಹತ್ತಿರ ಬಗ್ಗಿ, "ಬೀಳೋ ಶಾಟೆಲ್ಲ ತೆಗೆದುಬಿಡಿ. ಹುಡುಗಿ ಮನೆಗೆ ಹೋಗ್ಲಿ," ಎಂದು ಹೇಳಿ ಹೋದ. ನನ್ನ ಕಣಿವೆ ಕಸದ ಬುಟ್ಟಿಗೆ ಬಿತ್ತು. ನಾನು ಬರೆದದ್ದನ್ನು ಬಿಸಾಡಿದರು ಎಂದು ಸಂತೋಷಪಟ್ಟದ್ದು ಅದೊಂದೇ ಸಲ.

ಒರಿಹರಾ ಅವರಿಬ್ಬರಿಗೂ ಸುದ್ದಿ ಹೇಳಲು ಹೊರಟಳು. ನಾನು ಅವಳ ತೋಳು ಹಿಡಿದು ನಿಲ್ಲಿಸಿದೆ.

ಕನ್ನಡಿಯ ಮುಂದೆ ತೊಕಿಕೊ, ಸುಮಿಯೆ ಕಟ್ಟಿದ್ದ ಸೊಂಟಪಟ್ಟಿಯನ್ನು ಬಿಚ್ಚಿ, ತಾನೇ ಕೊರಳಪಟ್ಟಿಯನ್ನು ಮತ್ತೆ ತಿರುವುಮುರುವು ಮಾಡಿಕೊಳ್ಳುತ್ತಿದ್ದಳು. ಅವಳ ಕಣ್ಣು ಕೆಂಪಗಾಗಿತ್ತು.

"ಇನ್ನೊಂದು ಸಲ ಮಾಡು," ಅಂದಳು. "ಕೈ ಹೇಗೆ ಹೋಗತ್ತೆ ಅಂತ ನೀನು ಸರಿಯಾಗಿ ನೋಡ್ಲಿಲ್ಲ."

ಸುಮಿಯೆ ಕನ್ನಡಿ ಬಿಟ್ಟು ತೊಕಿಕೊಳನ್ನೇ ನೋಡತೊಡಗಿ ಆಗಲೇ ಬಹಳ ಹೊತ್ತಾಗಿತ್ತು.

"ನೋಡಿದೀನಿ ಕಣೆ," ಅಂದಳು, ಮತ್ತೆ ಉಡಿಸಿದಳು.